ಹದಿಮೂರನೇ ಇಗರ್ಜಿ

ಮೊನ್ನೆ ನಮ್ಮೂರ ಶೇಖರನ ಬಾಡಿಗೆ ವ್ಯಾನಿನ ಬಾಗಿಲು ಎಳೆದು ತೆಗೆದೆ ನೋಡಿ, ಅದೇ ವಾಸನೆ. ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಕಿತ್ತಳೆ ಸಿಪ್ಪೆ, ಮೊಣಕಾಲಿಗೆ ಹಚ್ಚುವ ಮುಲಾಮು. ನಾನು ಹೊರಟಿದ್ದು ಬಸ್ರೂರಿನಿಂದ ಕುಂದಾಪುರಕ್ಕೆ, ಕನ್ನಡಕದ ಕಾಲು ಸರಿ ಮಾಡಿಸಲಿಕ್ಕೆ, ಅಷ್ಟೆ. ವಾಸನೆ ಮೂಗಿಗೆ ಹೊಡೆದದ್ದೇ ತಡ, ಸೊಂಟ ಹಿಡಿದುಕೊಂಡಿತು. ಸುಳ್ಳಲ್ಲ. ಮೂರು ವರ್ಷದ ಹಿಂದಿನ ಒಂದು ಶನಿವಾರದ ನೋವು ಅಲ್ಲೇ ಎಲ್ಲೋ ಕೂತಿತ್ತು ಅಂತ ಕಾಣುತ್ತದೆ.

"ಎಂತ ಲೀನಕ್ಕ, ಹತ್ತುದಿಲ್ಯಾ?" ಅಂದ ಶೇಖರ.

"ಹತ್ತುವ ಮಾರಾಯ, ಒಂದ್ ಚೂರ್ ತಡಿ" ಅಂದೆ.

ಆ ವರ್ಷ ಕರೆಜ್ಮ್, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ, ಸರಿಯಾಗಿ ಶಾಲೆಯ ಪರೀಕ್ಷೆಯ ನಡುವೆ ಬಂದಿತ್ತು. ನಾನು ಟೀಚರು. ಮನೆಗೆ ಬಂದರೆ ಮೇಜಿನ ಮೇಲೆ ಉತ್ತರಪತ್ರಿಕೆಯ ಕಟ್ಟು, ಅಡುಗೆಮನೆಯಲ್ಲಿ ಮೀನಿಲ್ಲದ ಸಾರು. ಸೆಖೆಯೆಂದರೆ ಬೆಳಿಗ್ಗೆ ಏಳಕ್ಕೇ ಬೆನ್ನು ಒದ್ದೆ. ಮಳೆ ಬರುವ ಮಾತೇ ಇಲ್ಲ. ಬಾವಿಯ ನೀರು ತಳ ಹಿಡಿದು, ಪಂಪು ಹಾಕಿದರೆ ಕೆಮ್ಮುತ್ತಿತ್ತು.

ಇದರ ಮೇಲೆ ಮಾಂಯ್‌ಯ ಹಟ. ಮಾಂಯ್ ಅಂದರೆ ನನ್ನ ಅತ್ತೆ; ಅತ್ತೆಯನ್ನು ನಾವು ಹಾಗೇ ಕರೆಯುವುದು. ಎಪ್ಪತ್ತೆಂಟು ವಯಸ್ಸು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ದಿನಕ್ಕೆ ಮೂರು ಸಲ ನಾನೇ ಮದ್ದು ಬಿಡುತ್ತಿದ್ದೆ. ಫೆಬ್ರವರಿಯಲ್ಲಿ ಕಣ್ಣಿನ ಡಾಕ್ಟರು ನನ್ನನ್ನೂ ನನ್ನ ಗಂಡ ಗ್ರೆಗರಿಯನ್ನೂ ಪಕ್ಕಕ್ಕೆ ಕರೆದು, "ಬರುವ ಮಳೆಗಾಲದವರೆಗೆ ಈ ಕಣ್ಣು ಉಳಿದರೆ ಪುಣ್ಯ" ಅಂದರು. ಮಾಂಯ್‌ಗೆ ಕಣ್ಣು ಮಂಜಾಗಿದ್ದರೂ ಕಿವಿ ಬಹಳ ಚುರುಕು. ಎಲ್ಲ ಕೇಳಿಸಿಕೊಂಡಿದ್ದರು.

ಮನೆಗೆ ಬಂದವರೇ, "ಕಣ್ಣು ಹೋಗುವ ಮುಂಚೆ ಹದಿನಾಲ್ಕು ಇಗರ್ಜಿ ನೋಡಬೇಕು" ಅಂದರು.

ಯೇಸುವಿನ ಶಿಲುಬೆಯ ಹಾದಿಯಲ್ಲಿ ಹದಿನಾಲ್ಕು ನಿಲ್ದಾಣ. ನಮ್ಮ ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಗೋಡೆಯುದ್ದಕ್ಕೂ ಅದರ ಚಿತ್ರಗಳಿರುತ್ತವೆ. ತಪಸ್ಸು ಕಾಲದಲ್ಲಿ ಒಂದೊಂದರ ಮುಂದೆ ನಿಂತು ಪ್ರಾರ್ಥನೆ ಹೇಳುತ್ತೇವೆ. ಈಗ ಕೆಲವು ವರ್ಷದಿಂದ ನಮ್ಮ ಕಡೆ ಒಂದು ರೂಢಿ ಬಂದಿದೆ. ವ್ಯಾನು ಮಾಡಿಕೊಂಡು ಒಂದೇ ದಿನ ಹದಿನಾಲ್ಕು ಇಗರ್ಜಿಗೆ ಹೋಗುವುದು, ಒಂದೊಂದರಲ್ಲಿ ಒಂದೊಂದು ನಿಲ್ದಾಣ ಮುಗಿಸುವುದು. ಕೇಳಲಿಕ್ಕೆ ಚಂದ. ಮಾರ್ಚ್ ತಿಂಗಳ ಬಿಸಿಲಲ್ಲಿ, ಮೊಣಕಾಲು ಮಡಿಸಲಾಗದ ಮುದುಕಿಯನ್ನು ಹದಿನಾಲ್ಕು ಸಲ ಇಳಿಸಿ ಹದಿನಾಲ್ಕು ಸಲ ಹತ್ತಿಸಿ ನೋಡಿ, ಆಗ ಗೊತ್ತಾಗುತ್ತದೆ.

ಮಾಂಯ್‌ಗೆ ನಿಜವಾಗಿ ನೋಡಬೇಕಾಗಿದ್ದದ್ದು ಇಗರ್ಜಿಯನ್ನಲ್ಲ. ಅದು ನನಗೆ ಗೊತ್ತಿತ್ತು, ಗ್ರೆಗರಿಗೆ ಗೊತ್ತಿತ್ತು, ಮನೆಯ ಬೆಕ್ಕಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವವರು ಯಾರೂ ಇರಲಿಲ್ಲ.

ಸ್ಟೆಲ್ಲಾ, ಗ್ರೆಗರಿಯ ತಂಗಿ, ಮಾಂಯ್‌ಯ ಒಬ್ಬಳೇ ಮಗಳು. ಆ ವರ್ಷಕ್ಕೆ ಇಪ್ಪತ್ತೆರಡು ವರ್ಷ ಹಿಂದೆ ಬ್ರಹ್ಮಾವರದ ಜೋಯೆಲ್‌ನನ್ನು ಮದುವೆಯಾದಳು. ಜೋಯೆಲ್ ಹಿಂದೂವೂ ಅಲ್ಲ, ಮುಸ್ಲಿಮನೂ ಅಲ್ಲ. ಕ್ರಿಸ್ತುವನೇ. ಅವರ ಮನೆಮಾತೂ ನಮ್ಮ ಹಾಗೆ ಕೊಂಕಣಿಯೇ. ನಮ್ಮ ಅಡ್ಡಹೆಸರೇ ಅವರಿಗೂ, ನಾವು ಹುಯ್ಯುವ ದೋಸೆಯೇ ಅವರ ಕಾವಲಿಯಲ್ಲೂ. ಆದರೆ ಅವರದು ಸುರಿಯಾನಿ ಇಗರ್ಜಿ, ನಮ್ಮದು ಕಥೋಲಿಕ. ಅಜ್ಜನ ಅಜ್ಜಂದಿರ ಕಾಲದಲ್ಲಿ ಒಂದೇ ಇದ್ದವರು ಬೇರೆಯಾದರಂತೆ. ಯಾಕೆ ಅಂತ ಮಾಂಯ್‌ಗೆ ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿಲ್ಲ. ಈಗ ಎರಡೂ ಕಡೆ ಕೊಟ್ಟು ತರುವುದು ನಡೆಯುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಗ ಮಾಂಯ್ ಕೆಡಿಸಿಕೊಂಡರು. "ಆ ಇಗರ್ಜಿಯ ಮೆಟ್ಟಿಲು ನಾನು ತುಳಿಯುವುದಿಲ್ಲ" ಅಂದರು. ಮದುವೆಗೆ ಹೋಗಲಿಲ್ಲ. ಬಾಣಂತನಕ್ಕೆ ಕರೆಯಲಿಲ್ಲ. ಮಾವ ತೀರಿಕೊಂಡ ದಿನ ಸ್ಟೆಲ್ಲಾ ಬಂದು ಅಂಗಳದ ಮಾವಿನ ಮರದ ಕೆಳಗೇ ನಿಂತಳು. ಮಾಂಯ್ ತಲೆ ಎತ್ತಿ ನೋಡಲಿಲ್ಲ. ಮಣ್ಣು ಹಾಕಿ ಬಂದ ಮೇಲೆ ನಾನೇ ಶೇಖರನಿಗೆ ಹೇಳಿ ಅವಳನ್ನು ಬ್ರಹ್ಮಾವರಕ್ಕೆ ಬಿಟ್ಟು ಬರಲು ಕಳಿಸಿದೆ. ಆ ಒಂದು ಸಲ ಶೇಖರ ಅವಳ ಮನೆ ಕಂಡದ್ದು. ಅವರ ಇಗರ್ಜಿಯ ಹಿಂದೆಯೇ ಮನೆ.

ಆ ಶನಿವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ಬೈಂದೂರಿನಿಂದ ಶುರು ಮಾಡಿ ತೆಂಕು ಮುಖವಾಗಿ ಬರುವುದು ಅಂತ ಲೆಕ್ಕ. ಮುಂದಿನ ಸೀಟಿನಲ್ಲಿ ಗ್ರೆಗರಿ, ಹಿಂದೆ ನಾನು, ಮಾಂಯ್. ನಡುವೆ ನೀರಿನ ಬಾಟಲಿ, ಕಿತ್ತಳೆ, ಮುಲಾಮಿನ ಡಬ್ಬಿ, ಪ್ರಾರ್ಥನೆಯ ಪುಸ್ತಕ. ಓದುವವಳು ನಾನು. ಮಾಂಯ್‌ಗೆ ಅಕ್ಷರ ಕಾಣುತ್ತಿರಲಿಲ್ಲ.

ಇಗರ್ಜಿಗೆ ಹೋಗುವುದು ಕಷ್ಟವಲ್ಲ ಮಾರಾಯ್ರೆ, ಇಗರ್ಜಿಯ ಪಕ್ಕದ ನೆಂಟರು ಕಷ್ಟ. ಬೈಂದೂರಿನಲ್ಲಿ ಮಾಂಯ್‌ಯ ತಂಗಿ ಕಾರ್ಮಿನ್ ಮಾವ್ಶಿ ಗೇಟಿನಲ್ಲೇ ಕಾದು ನಿಂತಿದ್ದರು. ಹತ್ತು ನಿಮಿಷ ಅಂತ ಹೇಳಿ ಹೋದದ್ದು, ಮುಕ್ಕಾಲು ಗಂಟೆ. ಇಡ್ಲಿ ತಿನ್ನಬೇಕು. ಶರಬತ್ತು ಕುಡಿಯಬೇಕು. ಮುಂಬೈಯಲ್ಲಿರುವ ಮಗನ ಹೊಸ ಮನೆಯ ಫೋಟೋ ಮೊಬೈಲಿನಲ್ಲಿ ಒಂದೊಂದಾಗಿ ನೋಡಬೇಕು, ಬಚ್ಚಲು ಸಮೇತ. ಅಕ್ಕತಂಗಿ ಇಬ್ಬರೂ ಕೈ ಹಿಡಿದು ಕೂತಿದ್ದರು. ಹೊರಡುವಾಗ ಮಾವ್ಶಿ ಮೆಲ್ಲಗೆ, "ಸ್ಟೆಲ್ಲಾ ಹೇಗಿದ್ದಾಳೆ?" ಅಂತ ಕೇಳಿದರು.

"ಯಾರಿಗೆ ಗೊತ್ತು" ಅಂದರು ಮಾಂಯ್.

"ಕಣ್ಣಿರುವಾಗ ಒಂದು ಸಲ ನೋಡಿ ಬಾ ಅಕ್ಕಾ. ಆಮೇಲೆ ಅಯ್ಯೋ ಅಂದರೆ ಸಿಗುವುದಿಲ್ಲ."

"ಎರಡನೇ ಇಗರ್ಜಿಗೆ ಹೊತ್ತಾಯಿತು. ಲೀನಾ, ಚಪ್ಪಲಿ ಎಲ್ಲಿ?" ಅಂದರು ಮಾಂಯ್. ಮಾವ್ಶಿ ನನ್ನ ಮುಖ ನೋಡಿದರು. ನಾನು ಚಪ್ಪಲಿ ಹುಡುಕಿದೆ.

ತ್ರಾಸಿ ಆಯಿತು. ಗಂಗೊಳ್ಳಿಯಲ್ಲಿ ಮಾವನ ಕಡೆಯ ಚಿಕ್ಕಪ್ಪ ಬಾಸ್ತಿ ಬಾಪ್ಪು ಒಬ್ಬರಿದ್ದಾರೆ, ಕಿವಿ ಕೇಳುವುದಿಲ್ಲ. ನಾವು ಏನು ಹೇಳಿದರೂ ಅವರು ತಮ್ಮ ಹಳೇ ದೋಣಿಯ ಕತೆಯನ್ನೇ ಹೇಳಿದರು. ಅಲ್ಲಿ ಎರಡು ಎಳನೀರ ಬೊಂಡ ಕುಡಿದದ್ದಕ್ಕೆ ಮಾಂಯ್‌ಗೆ ಮುಂದಿನ ಇಗರ್ಜಿಯಲ್ಲಿ ಪ್ರಾರ್ಥನೆಗಿಂತ ಮೊದಲು ಬಚ್ಚಲು ಹುಡುಕಬೇಕಾಯಿತು. ಕುಂದಾಪುರದ ಹೊತ್ತಿಗೆ ನನ್ನ ಗಂಟಲು ಒಣಗಿ, ಪುಸ್ತಕದ ಸಾಲು ಸಾಲೇ ತಪ್ಪುತ್ತಿತ್ತು. ನಮ್ಮ ಬಸ್ರೂರಿನ ಇಗರ್ಜಿಗೆ ಬಂದಾಗ ನಡು ಮಧ್ಯಾಹ್ನ. ಮನೆ ಕಣ್ಣಳತೆಯಲ್ಲಿತ್ತು. ಇಳಿದು ಹೋಗಿ ಫ್ಯಾನಿನ ಕೆಳಗೆ ಬಿದ್ದುಕೊಳ್ಳುವ ಅಂತ ಎಷ್ಟು ಆಸೆಯಾಯಿತೆಂದರೆ, ದೇವರ ಎದುರು ನಿಂತೇ ಮನಸ್ಸಿನಲ್ಲಿ ಮಾಂಯ್‌ಗೆ ಬೈದೆ. ಆಮೇಲೆ ಕ್ಷಮೆ ಕೇಳಿದೆ, ಅದೂ ಅರ್ಧ ಮನಸ್ಸಿನಲ್ಲಿ.

ಕುಂಭಾಶಿಯ ಆನೆಗುಡ್ಡೆ ದೇವಸ್ಥಾನದ ಹತ್ತಿರ ಬಂದಾಗ ಶೇಖರ ವ್ಯಾನು ನಿಧಾನ ಮಾಡಿದ. "ಬಾಯಮ್ಮ, ನೀವು ಬೇಜಾರ್ ಮಾಡ್ಕಣ್ದಿದ್ರೆ ಎರಡ್ ನಿಮಿಷ. ಗಣಪತಿಗೊಂದ್ ಕೈ ಮುಗ್ದ್ ಬತ್ತೆ."

"ಹೋಗಿ ಬಾ ಮಗಾ" ಅಂದರು ಮಾಂಯ್. "ನನ್ನ ಕಣ್ಣಿನ ಬಗ್ಗೆಯೂ ಒಂದು ಮಾತು ಹೇಳು."

ಅವನು ಹೋದ. ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ. ಸಿಟ್ಟು ಬಂತು, ಹೇಳುತ್ತೇನೆ. ಆನೆಗುಡ್ಡೆಯ ಗಣಪತಿ ಆಗುತ್ತಾನೆ, ಹೆತ್ತ ಮಗಳ ಇಗರ್ಜಿ ಆಗುವುದಿಲ್ಲ. ಇದು ಯಾವ ಸೀಮೆಯ ಭಕ್ತಿ? ಆದರೆ ಜಗಳ ಮಾಡಲಿಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ. ಶೇಖರ ಬಂದು ಮಾಂಯ್‌ಯ ಕೈಗೆ ಪ್ರಸಾದದ ಹೂ ಇಟ್ಟ. ಅವರು ಅದನ್ನು ಪ್ರಾರ್ಥನೆ ಪುಸ್ತಕದೊಳಗೆ ಇಟ್ಟುಕೊಂಡರು.

ಸಾಸ್ತಾನ, ಬಾರ್ಕೂರು. ಹನ್ನೆರಡು ಮುಗಿಯಿತು. ಹನ್ನೆರಡನೆಯದು ಯೇಸು ಪ್ರಾಣ ಬಿಡುವ ನಿಲ್ದಾಣ, ಮೊಣಕಾಲೂರಲೇಬೇಕು ಅಂತ ಮಾಂಯ್ ಹಟ ಮಾಡಿ ಊರಿದರು. ಏಳಿಸಲಿಕ್ಕೆ ನಾನು, ಗ್ರೆಗರಿ ಇಬ್ಬರೂ ಬೇಕಾಯಿತು. ವ್ಯಾನು ಹತ್ತಿದ ಕೂಡಲೇ ಗ್ರೆಗರಿ ಬಾಯಿ ತೆರೆದು ನಿದ್ದೆ ಹೋದ. ನನಗೂ ಜೊಂಪು. ಶೇಖರ ಹಿಂದಕ್ಕೆ ತಿರುಗದೇ ಕೇಳಿದ, "ಇನ್ ಬ್ರಹ್ಮಾವರದ್ ಇಗರ್ಜಿ ಅಲ್ದಾ?"

"ಹೌದು" ಅಂದೆ.

ವ್ಯಾನು ನಿಂತಾಗ ನಾಲ್ಕೂವರೆ. ಗ್ರೆಗರಿಗೆ ಎಚ್ಚರವೇ ಆಗಲಿಲ್ಲ. ಮಾಂಯ್‌ಯನ್ನು ಇಳಿಸಿ, ತೋಳು ಹಿಡಿದು ಬಾಗಿಲವರೆಗೆ ನಡೆಸಿಕೊಂಡು ಹೋದೆ. ಬಾಗಿಲ ಹೊರಗೆ ಚಪ್ಪಲಿಗಳ ಸಾಲು. ಒಳಗೆ ನೆಲದುದ್ದಕ್ಕೂ ಹಾಸು, ಹಿಂದೆ ಎರಡೇ ಬೆಂಚು. ಪೀಠದ ಮುಂದೆ ದೊಡ್ಡ ಪರದೆ ಎಳೆದಿತ್ತು. ಗೋಡೆಯಲ್ಲಿ ಶಿಲುಬೆಯ ಹಾದಿಯ ಒಂದು ಚಿತ್ರವೂ ಇಲ್ಲ. ಇದು ಸುರಿಯಾನಿ ಇಗರ್ಜಿ, ಸ್ಟೆಲ್ಲಾಳದು. ಶೇಖರನ ಪಾಲಿಗೆ ಬ್ರಹ್ಮಾವರದ ಇಗರ್ಜಿ ಅಂದರೆ ಇದೊಂದೇ. ಬಾಯಮ್ಮ ತನ್ನ ಮಗಳ ಇಗರ್ಜಿಗಲ್ಲದೆ ಬೇರೆ ಎಲ್ಲಿಗೆ ಹೋಗುತ್ತಾರೆ ಅಂತ ಅವನು ತಿಳಿದಿದ್ದ. ಅವನ ತಪ್ಪಾದರೂ ಏನು?

"ಚಪ್ಪಲಿ ಯಾಕೆ ತೆಗೆಸುತ್ತೀ?" ಅಂದರು ಮಾಂಯ್.

ಆಗ ಹೇಳಬೇಕಿತ್ತು. ಬಾಯಿಯವರೆಗೆ ಬಂತು. ಹೇಳಿದರೆ ರಂಪ, ಮತ್ತೆ ವ್ಯಾನು ಹತ್ತಿಸುವುದು, ಇನ್ನೊಂದು ಇಗರ್ಜಿ ಹುಡುಕುವುದು, ಮತ್ತೆ ಇಳಿಸುವುದು. "ನೆಲ ಒರೆಸಿದ್ದಾರೆ ಮಾಂಯ್" ಅಂದೆ.

ಅತ್ತೆಯನ್ನೂ ಅವರ ಮಗಳನ್ನೂ ಒಂದು ಮಾಡಲಿಕ್ಕೆ ಹಾಗೆ ಮಾಡಿದೆ ಅಂತ ಆಮೇಲೆ ನೆಂಟರಲ್ಲಿ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನನಗೆ ಸಾಕಾಗಿತ್ತು, ಅಷ್ಟೆ.

ಬೆಂಚಿನಲ್ಲಿ ಕೂರಿಸಿ ಪುಸ್ತಕ ತೆಗೆದೆ. ಹದಿಮೂರನೇ ನಿಲ್ದಾಣ. ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸಿ ತಾಯಿಯ ಮಡಿಲಲ್ಲಿ ಮಲಗಿಸುವುದು. ಓದುತ್ತಾ ಓದುತ್ತಾ ಕಣ್ಣು ಪಕ್ಕದ ಬಾಗಿಲ ಆಚೆ ಹೋಯಿತು. ಕಾಂಪೌಂಡಿನ ಆಚೆ ಒಂದು ಹಂಚಿನ ಮನೆ, ಹಗ್ಗದ ಮೇಲೆ ಒಣಗಿಸಿದ ನೀಲಿ ನೈಟಿ. ಕೂಗಿದರೆ ಕೇಳುವಷ್ಟು ಹತ್ತಿರ ಸ್ಟೆಲ್ಲಾ ಇದ್ದಳು. ಒಳ್ಳೇ ಬಿಸಿಲಿತ್ತು. ಮಾಂಯ್‌ಗೆ ಇನ್ನೂ ನನ್ನ ಸೀರೆಯ ಬಣ್ಣ ಗೊತ್ತಾಗುವಷ್ಟು ಬೆಳಕಿತ್ತು. ನಾನು ಪ್ರಾರ್ಥನೆ ಮುಗಿಸಿ ಪುಸ್ತಕ ಮುಚ್ಚಿದೆ.

ಹದಿನಾಲ್ಕನೆಯದು ಕಲ್ಯಾಣಪುರದಲ್ಲಿ. ಮುಗಿಸಿ ಹೊರಗೆ ಬಂದಾಗ ಆರು ಗಂಟೆ ದಾಟಿತ್ತು. ಹೆದ್ದಾರಿಯ ಪಕ್ಕದ ಹೋಟೆಲಿನಿಂದ ಶೇಖರ ಚಾ ತಂದುಕೊಟ್ಟ. ಮಾಂಯ್ ಬೆಳಿಗ್ಗೆಯಿಂದ ಮೊದಲ ಸಲ ನಕ್ಕರು. "ಹದಿನಾಲ್ಕೂ ಆಯಿತು. ಇನ್ನು ಈ ಕಣ್ಣು ಹೋದರೂ ಅಡ್ಡಿಯಿಲ್ಲ."

ನಾನು ಚಾದ ಲೋಟದೊಳಗೆ ನೋಡುತ್ತಾ ನಿಂತೆ. ಶೇಖರ ತಲೆ ಕೆರೆದುಕೊಂಡ. "ಎಲ್ಲ ಸರಿ ಬಾಯಮ್ಮ. ಆರೆ ಮಗಳ ಮನಿ ಬಾಗ್ಲಿಗೆ ಹೋಯಿ, ಒಳ್ಗ್ ಹೋಗ್ದೆ ಬಂದ್ರಿ ಅಲ್ದಾ? ಸ್ಟೆಲ್ಲಕ್ಕಂಗೆ ಗೊತ್ತಾರೆ ಬೇಜಾರ್ ಆತ್ತ್."

"ಯಾವ ಮಗಳ ಮನೆ?" ಅಂದರು ಮಾಂಯ್.

ಗ್ರೆಗರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೊದಲು ಶೇಖರನ ಮೇಲೆ ಹಾರಿದ, ಆಮೇಲೆ ನನ್ನ ಮೇಲೆ. "ನಿನಗೆ ಕಣ್ಣು ಕಾಣಲಿಲ್ಲವಾ? ಪರದೆ ನೋಡಿದರೆ ಗೊತ್ತಾಗುವುದಿಲ್ಲವಾ?"

"ಗೊತ್ತಾಯಿತು" ಅಂದೆ. "ಗೊತ್ತಾಗಿಯೂ ಸುಮ್ಮನಿದ್ದೆ. ನನಗೆ ಸುಸ್ತಾಗಿತ್ತು. ನೀವು ನಿದ್ದೆ ಮಾಡಿದಿರಿ, ನಾನು ಸುಳ್ಳು ಹೇಳಿದೆ. ತಪ್ಪು ನನ್ನದೇ ಮಾಂಯ್, ಬೈದುಬಿಡಿ."

ಮಾಂಯ್ ಬೈಯಲಿಲ್ಲ. ಲೋಟ ನನ್ನ ಕೈಗೆ ಕೊಟ್ಟು ವ್ಯಾನಿನ ಬಾಗಿಲು ತಡವಿ, ತಾವೇ ಹತ್ತಿ ಕೂತರು. ಅದರಿಂದ ನನಗೆ ಹೆಚ್ಚು ಹೆದರಿಕೆಯಾಯಿತು. ವ್ಯಾನು ಬಡಗು ಮುಖವಾಗಿ ಮನೆಯ ಕಡೆ ಹೊರಟಿತು. ಗ್ರೆಗರಿ ಮುಂದಿನ ಸೀಟಿನಲ್ಲಿ ಒಬ್ಬನೇ ಲೆಕ್ಕ ಹಾಕುತ್ತಿದ್ದ. "ಅದು ಲೆಕ್ಕಕ್ಕಿಲ್ಲ ಮಮ್ಮಿ. ಹದಿಮೂರೇ ಆದದ್ದು. ಬ್ರಹ್ಮಾವರದ ನಮ್ಮ ಕಥೋಲಿಕ ಇಗರ್ಜಿಗೆ ಮುಂದಿನ ಶನಿವಾರ ಬಂದು ಅದೊಂದು ಮುಗಿಸುವ."

ಸೂರ್ಯ ಮುಳುಗಿ, ಹೆದ್ದಾರಿಯ ದೀಪ ಹತ್ತಿತು. ಬ್ರಹ್ಮಾವರ ಹತ್ತಿರ ಬಂದಾಗ ಮಾಂಯ್ ಬಾಯಿ ಬಿಟ್ಟರು. "ಲೀನಾ, ಹದಿಮೂರನೆಯದು ಯಾವುದು, ಮತ್ತೊಂದು ಸಲ ಹೇಳು."

"ದೇಹವನ್ನು ಇಳಿಸಿ ತಾಯಿಯ ಮಡಿಲಿಗೆ ಕೊಡುವುದು, ಮಾಂಯ್."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮದ್ದಿನ ನೀರೋ, ಅಳುವೋ, ನನಗೆ ಗೊತ್ತಾಗಲಿಲ್ಲ. "ಆ ತಾಯಿಗೆ ಸತ್ತ ಮೇಲೆ ಸಿಕ್ಕಿದ. ನನ್ನದು ಬದುಕಿದೆ" ಅಂದರು. ಆಮೇಲೆ ಶೇಖರನ ಹೆಗಲು ತಟ್ಟಿದರು. "ಮಗಾ, ಮೊದಲು ಹೋದಲ್ಲಿಗೇ ಹೋಗು. ಅವಳ ಮನೆ ನಿನಗೆ ಗೊತ್ತುಂಟಲ್ಲ."

"ಗೊತ್ತಿತ್ ಬಾಯಮ್ಮ" ಅಂದ ಶೇಖರ. ಇಂಡಿಕೇಟರ್ ಹಾಕಿದ.

ಬಾಗಿಲು ತೆಗೆದದ್ದು ಸ್ಟೆಲ್ಲಾಳೇ, ಕೈಯಲ್ಲಿ ಸೌಟು. ನಮ್ಮನ್ನು ನೋಡಿ ನಿಂತಲ್ಲೇ ನಿಂತಳು. ಒಳಗಿನಿಂದ ಜೋಯೆಲ್ ಎದ್ದು ಬಂದ, ಕುರ್ಚಿ ಎಳೆದ, ಮತ್ತೊಂದು ಕುರ್ಚಿ ಎಳೆದ, ಯಾರೂ ಕೂರಲಿಲ್ಲ. ಮಾಂಯ್ ಮಗಳ ಎರಡೂ ಭುಜ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಎಳೆದುಕೊಂಡರು. ಬಲಗಣ್ಣನ್ನು ಅವಳ ಮುಖಕ್ಕೆ ತೀರಾ ಹತ್ತಿರ ತಂದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

"ಕಾಣುವುದಿಲ್ಲ" ಅಂದರು. ಕತ್ತಲಾದ ಮೇಲೆ ದೀಪದ ಬೆಳಕಿನಲ್ಲಿ ಅವರಿಗೆ ಎಲ್ಲ ಬರೀ ಹೊಗೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಲ್ಕೂವರೆಯ ಬಿಸಿಲು ನೆನಪಾಗಿ ನನಗೆ ನೆಲದೊಳಗೆ ಇಳಿದುಹೋದರೆ ಸಾಕು ಅನಿಸಿತು.

ಸ್ಟೆಲ್ಲಾ ಅಳಲಿಲ್ಲ. ಸಿಟ್ಟಿನಲ್ಲೇ ಅಂದಳು, "ಇಪ್ಪತ್ತೆರಡು ವರ್ಷ ಕಣ್ಣಿತ್ತಲ್ಲ. ಆಗ ಬರಬಹುದಿತ್ತು."

"ಹೌದು" ಅಂದರು ಮಾಂಯ್. "ಬರಬಹುದಿತ್ತು. ನಾನು ಕೆಟ್ಟ ಹಟ ಮಾಡಿದೆ."

ಒಳಗೆ ಏನೋ ತಳ ಹಿಡಿದ ವಾಸನೆ ಬಂತು. ಯಾರೂ ಹೋಗಲಿಲ್ಲ. ಕೊನೆಗೆ ಜೋಯೆಲ್ ಹೋಗಿ ಒಲೆ ಆರಿಸಿದ.

ಮಾಂಯ್ ಕುರ್ಚಿ ತಡವಿ ಕೂತರು. ಗ್ರೆಗರಿಯ ಕಡೆಗೆ ಕೈ ಬೀಸಿ, "ನೀವು ಹೋಗಿ. ನಾನು ಬೆಳಿಗ್ಗೆವರೆಗೆ ಇಲ್ಲೇ ಇರುತ್ತೇನೆ. ಬೆಳಕಾಗಲಿ. ಮುಖ ನೋಡದೆ ನಾನು ಬರುವುದಿಲ್ಲ" ಅಂದರು. ಆಮೇಲೆ ಸ್ಟೆಲ್ಲಾಳಿಗೆ, "ಇರಲಿಕ್ಕೆ ಬಿಡುತ್ತೀಯಾ?"

ಸ್ಟೆಲ್ಲಾ ಒಳಗೆ ಹೋಗಿ ಒಂದು ದಿಂಬು ತಂದು ಮಾಂಯ್‌ಯ ಬೆನ್ನಿಗೆ ಇಟ್ಟಳು. ನಾನು ಕಣ್ಣಿನ ಮದ್ದನ್ನು ಅವಳ ಕೈಗೆ ಕೊಟ್ಟೆ, ಎಷ್ಟು ಹನಿ ಅಂತ ಹೇಳಿದೆ. ನಾವು ಮೂವರೂ ವ್ಯಾನು ಹತ್ತಿ ಮನೆಗೆ ಬಂದೆವು.

ಮರುದಿನ ಭಾನುವಾರ, ಒಂಬತ್ತಕ್ಕೆ ಸ್ಟೆಲ್ಲಾ ಫೋನ್ ಮಾಡಿದಳು. ಮಾಂಯ್ ಐದಕ್ಕೇ ಎದ್ದು ಜಗಲಿಯಲ್ಲಿ ಕೂತಿದ್ದರಂತೆ. ಬೆಳಕು ಹರಿದು, ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ ಇವಳನ್ನು ಕರೆದು ಎದುರಿಗೆ ಕೂರಿಸಿಕೊಂಡರಂತೆ. ಗಲ್ಲ ಹಿಡಿದು, ಬಿಸಿಲಿಗೆ ತಿರುಗಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನೋಡಿದರಂತೆ. ಹಾಲು ಉಕ್ಕಿ ಹೋಯಿತು, ಆದರೂ ಏಳಲು ಬಿಡಲಿಲ್ಲವಂತೆ.

"ಏನು ಹೇಳಿದರು?" ಅಂದೆ.

"ಎಡಗಡೆ ಒಂದು ಹಿಡಿ ಕೂದಲು ಬೆಳ್ಳಗಾಗಿದೆ ಅಂದರು. ಪಪ್ಪನಿಗೂ ಎಡಗಡೆಯೇ ಮೊದಲು ಬೆಳ್ಳಗಾದದ್ದು ಅಂದರು." ಇಷ್ಟು ಹೇಳಿ ಅವಳು ಅತ್ತಳು, ಹಿಂದಿನ ದಿನ ಅಳದೆ ಇಟ್ಟುಕೊಂಡದ್ದೆಲ್ಲ. ನಾನೂ ಅತ್ತೆ. ಗ್ರೆಗರಿ ಏನಾಯಿತು ಏನಾಯಿತು ಅಂತ ಮನೆಯೆಲ್ಲ ಓಡಾಡಿದ.

ಆ ವರ್ಷ ಮಳೆ ಜೂನ್ ಎರಡನೇ ವಾರ ಶುರುವಾಯಿತು. ಮಾಂಯ್‌ಗೆ ಅದರ ಸದ್ದು ಮಾತ್ರ ಸಿಕ್ಕಿತು.

ಬಿಟ್ಟುಹೋದ ಆ ಒಂದು ಇಗರ್ಜಿಗೆ ಹೋಗುವ ಅಂತ ಗ್ರೆಗರಿ ಪ್ರತಿ ತಪಸ್ಸು ಕಾಲದಲ್ಲಿ ಹೇಳುತ್ತಾನೆ. ಮಾಂಯ್ ಬೇಡ ಅನ್ನುತ್ತಾರೆ. "ಹದಿಮೂರಕ್ಕೇ ನಿಲ್ಲಲಿ. ನೋಡಬೇಕಾದದ್ದು ನೋಡಿ ಆಯಿತು." ಸ್ಟೆಲ್ಲಾ ಎರಡು ವಾರಕ್ಕೊಮ್ಮೆ ಬರುತ್ತಾಳೆ. ಬಂದವಳು ತಾಯಿಯ ಮಂಚದಲ್ಲೇ ಕೂರುತ್ತಾಳೆ. ಇಬ್ಬರೂ ಸಾಕಷ್ಟು ಜಗಳವಾಡುತ್ತಾರೆ. ಮಾಂಯ್ ಕೈ ಚಾಚಿ, ಅವಳ ಕಿವಿಯ ಮೇಲಿನ ಎಡಗಡೆಯ ಕೂದಲು ಸವರುತ್ತಾರೆ. ಮನೆಗೆ ಯಾರು ಬಂದರೂ, "ನನ್ನ ಸ್ಟೆಲ್ಲಾಳಿಗೆ ಇಲ್ಲಿ ಒಂದು ಹಿಡಿ ಬೆಳ್ಳಗಾಗಿದೆ, ಅಪ್ಪನ ಹಾಗೇ" ಅಂತ ತೋರಿಸುತ್ತಾರೆ.

ಸ್ಟೆಲ್ಲಾ ಕಳೆದ ವರ್ಷದಿಂದ ಕೂದಲಿಗೆ ಬಣ್ಣ ಹಚ್ಚುತ್ತಾಳೆ. ಮಾಂಯ್‌ಗೆ ನಾವು ಯಾರೂ ಹೇಳಿಲ್ಲ.